ಹಕ್ಕು ಯಾರದು, ಹೆಗಲು ಯಾರದು

ನಮ್ಮ ಮಾಸ್ ಸಿನಿಮಾಗಳಲ್ಲಿ ಸಾವು ಸಾಮಾನ್ಯವಾಗಿ ಇಂಟರ್ವಲ್‌ಗೆ ಹತ್ತು ನಿಮಿಷ ಮುಂಚೆ ಬರುತ್ತೆ. ಹೀರೋನ ತಂಗಿಯೋ, ಅಪ್ಪನೋ, ಪ್ರಾಣಸ್ನೇಹಿತನೋ ಇದ್ದಕ್ಕಿದ್ದ ಹಾಗೆ ಹೋಗಿಬಿಡ್ತಾರೆ. ಮಳೆ ಸುರಿಯುತ್ತೆ, ಸ್ಲೋ ಮೋಷನ್ನಲ್ಲಿ ಒಂದು ಕಿರುಚಾಟ, ಚಿತೆಯ ಮುಂದೆ ಶಪಥ. ನಾವು ಪಾಪ್‌ಕಾರ್ನ್ ಹಿಡಿದುಕೊಂಡು ಸೀಟಿಗೆ ವಾಪಸ್ ಬರುವಷ್ಟರಲ್ಲಿ ಸೂತಕ ಕಳೆದು ಹೀರೋ ಗಡ್ಡ ಬಿಟ್ಟಿರ್ತಾನೆ. ಆಂಬುಲೆನ್ಸಿಗೆ ದುಡ್ಡು ಕೊಟ್ಟವರು ಯಾರು, ಬಂದ ಜನಕ್ಕೆ ಕಾಫಿ ಕಾಸಿದವರು ಯಾರು, ಸತ್ತವನು ಮಾಡಿದ್ದ ಕೈಸಾಲ ಈಗ ಯಾರ ತಲೆ ಮೇಲೆ, ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದ ಆ ಹುಡುಗಿ ಯಾರು, ಇವು ಯಾವುವೂ ತೆರೆಯ ಮೇಲೆ ಬರಲ್ಲ. ಸಾವಿನ ಮನೆಯನ್ನ ಹತ್ತಿರದಿಂದ ನೋಡಿದವರಿಗೆ ಗೊತ್ತು, ಮೊದಲ ಹನ್ನೊಂದು ದಿನ ನಡೆಯೋದೆಲ್ಲ ಈ ಪ್ರಶ್ನೆಗಳ ಸುತ್ತಲೇ. ಅಳೋದಕ್ಕೆ ಪುರುಸೊತ್ತು ಸಿಗೋದು ಆಮೇಲೆ.

ಈ ಪ್ರಶ್ನೆಗಳನ್ನ ನೇರವಾಗಿ ಎದುರಿಸಿದ ಕೆಲವು ಕೃತಿಗಳಿವೆ. ಎರಡು ಕನ್ನಡ ಕಾದಂಬರಿ, ಒಂದು ಮಲಯಾಳಂ ಸಿನಿಮಾ, ಒಂದು ಹಿಂದಿ ಸಿನಿಮಾ. ಅವುಗಳ ಬಗ್ಗೆ ಬರೀತಿದೀನಿ. (‘ತಿಥಿ’ ಯಾಕಿಲ್ಲ ಅಂತ ಕೇಳ್ತೀರ. 2015ರ ಆ ಸಿನಿಮಾ ನನಗೂ ಇಷ್ಟ. ಹಳ್ಳಿಯವರು ಹಳ್ಳಿಯವರ ಥರಾನೇ ಮಾತಾಡಿದ್ದನ್ನ ದೊಡ್ಡ ಪರದೆ ಮೇಲೆ ಕೇಳಿ ಥಿಯೇಟರಲ್ಲಿ ಒಬ್ಬನೇ ನಕ್ಕಿದ್ದೆ. ಆದ್ರೆ ಅಲ್ಲಿ ಸಾಯೋನು 101 ವರ್ಷದ ಸೆಂಚುರಿ ಗೌಡ. ಅಂಥ ಸಾವಿಗೆ ಊರೇ ತಯಾರಾಗಿರುತ್ತೆ, ತಮಟೆ ಹೊಡೆಸಿ, ಬಾಡೂಟ ಹಾಕಿಸಿ ಕಳಿಸಿಕೊಡುತ್ತೆ. ನನ್ನ ಮಾತು ತಯಾರಿಯೇ ಇಲ್ಲದ ಸಾವಿನ ಬಗ್ಗೆ.)

ಈ ತಯಾರಿ ಅನ್ನೋದು ಸಣ್ಣ ವಿಷಯ ಅಲ್ಲ. ನಮ್ಮಜ್ಜಿ ಮೂರು ವರ್ಷ ಹಾಸಿಗೆ ಹಿಡಿದು ಹೋದಳು. ಅಷ್ಟರಲ್ಲಿ ಓಲೆ ಯಾರಿಗೆ, ಬೆಳ್ಳಿ ಡಾಬು ಯಾರಿಗೆ, ಕರೀ ಹಸು ಯಾರ ಕೊಟ್ಟಿಗೆಗೆ ಅನ್ನೋದೆಲ್ಲ ಅವಳ ಬಾಯಿಂದಲೇ ತೀರ್ಮಾನ ಆಗಿತ್ತು. ಹದಿನೈದು ವರ್ಷ ಮಾತು ಬಿಟ್ಟಿದ್ದ ತಂಗಿಯನ್ನ ಕರೆಸಿಕೊಂಡು, ಬೈದು, ಬೈಸಿಕೊಂಡು, ಕೊನೆಗೆ ಒಂದೇ ತಟ್ಟೇಲಿ ಊಟ ಮಾಡಿದ್ದಳು. ಚಿಕ್ಕಪ್ಪನದು ಹಾಗಲ್ಲ. 2012ರ ಬೇಸಿಗೇಲಿ ಒಂದು ಬೆಳಿಗ್ಗೆ ತೋಟಕ್ಕೆ ನೀರು ಬಿಡೋಕೆ ಹೋದವರು ಮೋಟರ್ ಮನೆ ಹತ್ತಿರ ಕುಸಿದು ಬಿದ್ದರು. ತಿಪಟೂರಿಗೆ ಕರಕೊಂಡು ಹೋಗೋ ದಾರಿಯಲ್ಲೇ ಮುಗಿದುಹೋಯ್ತು. ಅವರಿಗೆ 44 ವರ್ಷ. ಕೊಬ್ಬರಿ ವ್ಯವಹಾರ ಎಲ್ಲ ಬಾಯಿಮಾತಿನದ್ದು. ಹಾಲುತುಪ್ಪದ ದಿನವೇ ‘ನಮಗೆ ಇಷ್ಟು ಬರಬೇಕಿತ್ತು’ ಅಂತ ಇಬ್ಬರು ಬಂದರು. ಚಿಕ್ಕಪ್ಪನಿಗೆ ಕೊಡಬೇಕಿದ್ದವರು ಮಾತ್ರ ಒಬ್ಬರೂ ಬರಲಿಲ್ಲ. ಅಪ್ಪ ಮತ್ತು ಚಿಕ್ಕಪ್ಪ ತೋಟವನ್ನೂ ಬಾಯಿಮಾತಲ್ಲೇ ಹಂಚಿಕೊಂಡಿದ್ದರು. ತಿಥಿ ಮುಗಿದ ಮಾರನೇ ದಿನ ಚಿಕ್ಕಮ್ಮ ‘ಭಾವ, ನಮ್ಮ ಪಾಲು ಯಾವ ಸಾಲಿನ ಮರದವರೆಗೆ?’ ಅಂತ ಕೇಳಿದರು. ಗಂಡನಿಲ್ಲದ ಮನೆಯಲ್ಲಿ ಇಬ್ಬರು ಮಕ್ಕಳನ್ನ ಇಟ್ಟುಕೊಂಡ ಹೆಂಗಸಿನ ಭಯ ಅದು. ಅಪ್ಪನ ಕಿವಿಗೆ ಅದು ಅನುಮಾನದ ಥರ ಕೇಳಿಸ್ತು. ನಾಲ್ಕು ವರ್ಷ ಎರಡು ಮನೆ ಮಧ್ಯೆ ಮಜ್ಜಿಗೆ ಕೂಡ ಓಡಾಡಲಿಲ್ಲ. ಉತ್ತರ ಗೊತ್ತಿದ್ದ ಇನ್ನೊಬ್ಬ ಮನುಷ್ಯ ಮಣ್ಣಲ್ಲಿದ್ದರು.

ದಿಢೀರ್ ಸಾವು ಮಾಡೋದು ಇದನ್ನೇ. ಸೇವ್ ಮಾಡದೇ ಇರೋ ಫೈಲ್ ತೆರೆದಿರುವಾಗ ಕರೆಂಟ್ ಹೋದ ಹಾಗೆ, ಎಲ್ಲ ಸಂಬಂಧಗಳೂ ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನಿಂತುಬಿಡ್ತವೆ. ಬದುಕಿರುವಾಗ ಸಂಬಂಧ ನಡೆಯೋದು ಬಳಕೆಯ ಮೇಲೆ. ಯಾರು ದಿನಾ ಬರ್ತಾರೆ, ಯಾರು ಕಷ್ಟಕ್ಕೆ ಆಗ್ತಾರೆ ಅನ್ನೋದರ ಮೇಲೆ. ಸತ್ತ ಮರುಕ್ಷಣ ಅದು ಹೆಸರಿನ ಮೇಲೆ ನಡೆಯೋಕೆ ಶುರುವಾಗುತ್ತೆ. ನೀನು ಅವನಿಗೆ ಏನಾಗಬೇಕು? ಹೆಂಡತಿ, ಮಗ, ದಾಯಾದಿ, ನಾಮಿನಿ. ಹೆಸರಿದ್ದವರಿಗೆ ಹಕ್ಕು. ಹೆಗಲು ಕೊಡೋರು ಎಷ್ಟೋ ಸಲ ಬೇರೆಯವರೇ ಆಗಿರ್ತಾರೆ.

ಇದನ್ನ ಕನ್ನಡದಲ್ಲಿ ಯಾರೂ ‘ಸಂಸ್ಕಾರ’ದಷ್ಟು ನಿಷ್ಠುರವಾಗಿ ಬರೆದಿಲ್ಲ. ಅನಂತಮೂರ್ತಿಯವರ ಈ ಕಾದಂಬರಿ ಬಂದಿದ್ದು 1965ರಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನ ಬ್ರಾಹ್ಮಣ್ಯ, ಅಸ್ತಿತ್ವ, ನವ್ಯ ಅಂತೆಲ್ಲ ಓದ್ತಾರೆ. ನಾನು ಓದಿದ್ದು ಬಿಇ ಹಾಸ್ಟೆಲ್ಲಿನಲ್ಲಿ, ರೂಮ್‌ಮೇಟ್ ತಂದಿಟ್ಟಿದ್ದ, ರಟ್ಟು ಕಿತ್ತುಹೋದ ಪ್ರತಿಯಲ್ಲಿ. ಪಾಠ ಹೇಳೋ ಮೇಷ್ಟ್ರಿಲ್ಲದೆ ಓದಿದ್ದರಿಂದಲೋ ಏನೋ, ನನಗೆ ಅದು ಮೊದಲಿಗೆ ಒಂದು ಹೆಣದ ಕತೆ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬರ್ತಾನೆ, ನಾಲ್ಕು ದಿನದಲ್ಲಿ ತೀರಿಕೊಳ್ತಾನೆ. ಹೆಂಡತಿ ಮೊದಲೇ ಇಲ್ಲ, ಮಕ್ಕಳಿಲ್ಲ. ಹತ್ತು ವರ್ಷ ಜೊತೆಗಿದ್ದವಳು ಚಂದ್ರಿ, ಶಾಸ್ತ್ರದ ಲೆಕ್ಕದಲ್ಲಿ ಅವಳು ಅವನಿಗೆ ಏನೂ ಅಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಎತ್ತೋವರೆಗೂ ಯಾರೂ ಊಟ ಮಾಡೋ ಹಾಗಿಲ್ಲ, ಹೆಣ ಎತ್ತೋ ಹಕ್ಕು ಯಾರಿಗೆ ಅನ್ನೋದು ತೀರ್ಮಾನ ಆಗ್ತಿಲ್ಲ. ಹೊಟ್ಟೆ ಚುರುಗುಡ್ತಿದೆ, ಗ್ರಂಥ ತಿರುವಿ ಹಾಕ್ತಿದಾರೆ, ಹೆಣ ನಾರ್ತಿದೆ.

ಈ ಕಾದಂಬರಿಯಲ್ಲಿ ನನಗೆ ತುಂಬ ನಿಜ ಅನ್ನಿಸೋ ಜಾಗ ಯಾವುದು ಗೊತ್ತಾ? ಚಂದ್ರಿ ತನ್ನ ಮೈಮೇಲಿದ್ದ ಚಿನ್ನ ಬಿಚ್ಚಿ ಖರ್ಚಿಗೆ ಇರಲಿ ಅಂತ ಪ್ರಾಣೇಶಾಚಾರ್ಯರ ಮುಂದೆ ಇಡ್ತಾಳಲ್ಲ, ಅಲ್ಲಿ. ಅಲ್ಲಿವರೆಗೆ ‘ಅವನಿಗೂ ನಮಗೂ ಸಂಬಂಧವೇ ಇಲ್ಲ’ ಅಂತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಆಮೇಲೆ ಸಂಬಂಧ ನೆನಪಾಗೋಕೆ ಶುರುವಾಗುತ್ತೆ. ಅವರ ಹೆಂಡಿರಿಗೆ ಇನ್ನೂ ಬೇಗ ನೆನಪಾಗುತ್ತೆ. ಅನಂತಮೂರ್ತಿ ಇಲ್ಲಿ ವ್ಯಂಗ್ಯ ಮಾಡ್ತಿದಾರೆ, ಸ್ವಲ್ಪ ಜಾಸ್ತೀನೇ ಮಾಡ್ತಿದಾರೆ. ಆದ್ರೆ ಹಾಲುತುಪ್ಪದ ದಿನ ಬಂದ ಆ ಇಬ್ಬರನ್ನ ನೋಡಿದ ನನಗೆ ಅದು ಅತಿ ಅಂತ ಅನ್ನಿಸಲ್ಲ. ಮುಂದೆ ಮಠದ ಸ್ವಾಮಿಗಳು ಕೂಡ ಸತ್ತವನ ಆಸ್ತಿ ಮಠದ ದೇವರಿಗೆ ಸೇರಬೇಕು ಅಂತಾರೆ. ಹಕ್ಕಿನ ಸಾಲು ಎಷ್ಟು ಉದ್ದ ನೋಡಿ.

ಇನ್ನು ಹೆಗಲು? ಚಂದ್ರಿ ರಾತ್ರಿ ಗಾಡಿ ಹೊಡೆಯೋ ಶೇಷಪ್ಪನ ಹತ್ತಿರ ಹೋಗ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿದರೆ ನರಕ ಅಂತ ಅವನು ಹೆದರಿ ಒಲ್ಲೆ ಅಂತಾನೆ. ಕೊನೆಗೆ ಬರೋನು ಮೀನು ವ್ಯಾಪಾರದ ಅಹ್ಮದ್ ಬ್ಯಾರಿ. ಹಿಂದೊಮ್ಮೆ ಎತ್ತು ಕೊಳ್ಳೋಕೆ ನಾರಣಪ್ಪ ದುಡ್ಡು ಕೊಟ್ಟಿದ್ದ, ಆ ಋಣ ಅವನಿಗೆ ನೆನಪಿದೆ. ಗಾಡಿ, ಸೌದೆ ತಂದು, ಯಾರಿಗೂ ಗೊತ್ತಾಗದ ಹಾಗೆ ಹೆಣ ಸುಟ್ಟು ಹೋಗ್ತಾನೆ. ಮಂತ್ರ ಇಲ್ಲ, ಪಿಂಡ ಇಲ್ಲ. ಇಡೀ ಕಾದಂಬರಿಯಲ್ಲಿ ಸತ್ತವನ ಸಾಲವನ್ನ ತಾನಾಗೇ ಬಂದು ತೀರಿಸೋ ಮನುಷ್ಯ ಇವನೊಬ್ಬನೇ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಅಂತಿದೆಯಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಹ್ಮದ್ ಬ್ಯಾರಿ ಹಾಕಿದ್ದು ಆ ಮುಯ್ಯಿ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ 1970ರಲ್ಲಿ ಸಿನಿಮಾ ಆದಾಗಲೂ ಜನ ಮಾತಾಡಿದ್ದು ಪ್ರಾಣೇಶಾಚಾರ್ಯ ಮತ್ತು ಚಂದ್ರಿಯ ಆ ರಾತ್ರಿ ಬಗ್ಗೆ. ಬ್ಯಾರಿಯ ಗಾಡಿ ಬಗ್ಗೆ ಮಾತಾಡಿದವರು ಕಮ್ಮಿ.

ಇದು ಅಗ್ರಹಾರದ ಹಳೇ ಕತೆ, ನಮಗೇನು ಅನ್ನೋ ಹಾಗಿಲ್ಲ. ಆರೇಳು ವರ್ಷದ ಹಿಂದೆ ನಮ್ಮ ಟೀಮಿನ ಹುಡುಗನೊಬ್ಬ ಔಟರ್ ರಿಂಗ್ ರೋಡಿನಲ್ಲಿ ಬೈಕ್ ಆಕ್ಸಿಡೆಂಟ್‌ನಲ್ಲಿ ಹೋದ. ಹೆಸರು ಬೇಡ. ಎರಡು ವರ್ಷದಿಂದ ಅವನೂ ಒಬ್ಬ ಹುಡುಗಿಯೂ ಒಂದೇ ಫ್ಲಾಟಿನಲ್ಲಿದ್ದರು. ನಮಗೆಲ್ಲ ಗೊತ್ತಿತ್ತು, ಊರಲ್ಲಿದ್ದ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಶವಾಗಾರದ ಹತ್ತಿರ ಪೊಲೀಸಿನವರು ‘ನೀವೇನಾಗಬೇಕಮ್ಮಾ?’ ಅಂತ ಕೇಳಿದರು. ‘ಫ್ರೆಂಡ್’ ಅಂದಳು. ಬೇರೆ ಯಾವ ಪದ ಇತ್ತು ಅವಳ ಹತ್ತಿರ? ಬಾಡಿ ಕೊಟ್ಟಿದ್ದು ಮಾರನೇ ಬೆಳಿಗ್ಗೆ, ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದ ಅಪ್ಪನ ಕೈಗೆ. ಅವರನ್ನ ದೂರೋ ಹಾಗೂ ಇಲ್ಲ. ಮಗನ ಮುಖ ನೋಡೋಕೆ ಧೈರ್ಯ ಸಾಲದೆ ನಿಂತಿದ್ದ ಮನುಷ್ಯನಿಗೆ ಪಕ್ಕದಲ್ಲಿ ನಿಂತಿರೋ ಹುಡುಗಿ ಯಾರು ಅಂತ ಕೇಳೋ ಶಕ್ತಿ ಎಲ್ಲಿಂದ ಬರಬೇಕು. ಆಂಬುಲೆನ್ಸ್ ಊರಿನ ಕಡೆ ಹೊರಟಾಗ ಟೀಮಿನ ಮೂರು ಜನಕ್ಕೆ ಜಾಗ ಸಿಕ್ತು, ಅವಳಿಗೆ ಸಿಗಲಿಲ್ಲ. ಹತ್ತಿರದವರು ತೀರಿಕೊಂಡಾಗ ಕೊಡೋ ರಜೆ ಅವಳ ಕಂಪನಿಯಲ್ಲೂ ಇತ್ತು. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಷ್ಟೇ ಪಟ್ಟಿ. ಅವಳು ಸಿಕ್ ಲೀವ್ ಹಾಕಿದಳು. ವಾರದ ನಂತರ ಫ್ಲಾಟ್ ಖಾಲಿ ಮಾಡಿಸೋಕೆ ಬಂದ ನೆಂಟರು ಫ್ರಿಡ್ಜನ್ನೂ ಟೆಂಪೋಗೆ ಹಾಕಿಸಿದರು. ಅದರ ಇಎಂಐ ಇನ್ನೂ ಅವಳ ಅಕೌಂಟಿನಿಂದಲೇ ಹೋಗ್ತಿತ್ತು.

ಮಲಯಾಳಂನ ‘ಈ.ಮ.ಯೌ’ (2018) ಇದೇ ಗೊಂದಲವನ್ನ ಸಮುದ್ರದ ದಡಕ್ಕೆ ತಗೊಂಡು ಹೋಗುತ್ತೆ. ಕೊಚ್ಚಿ ಪಕ್ಕದ ಚೆಲ್ಲಾನಂ, ಲ್ಯಾಟಿನ್ ಕ್ಯಾಥೊಲಿಕ್ ಮೀನುಗಾರರ ಊರು. ವಾವಚ್ಚನ್ ಮೇಸ್ತ್ರಿ ಒಂದು ಬಾತುಕೋಳಿ ಹಿಡಕೊಂಡು ಮನೆಗೆ ಬರ್ತಾನೆ, ಮಗ ಈಶಿಯ ಜೊತೆ ಕೂತು ಕುಡೀತಾನೆ, ತನ್ನಪ್ಪನ ಶವಸಂಸ್ಕಾರ ಎಷ್ಟು ಅದ್ದೂರಿಯಾಗಿತ್ತು ಅಂತ ಹೇಳ್ತಾನೆ. ನಿನ್ನದು ಇನ್ನೂ ಜೋರಾಗಿ ಮಾಡ್ತೀನಿ ಅಂತ ಮಗ ಮಾತು ಕೊಡ್ತಾನೆ. ಅದೇ ರಾತ್ರಿ ಅಪ್ಪ ಬಿದ್ದು ಸಾಯ್ತಾನೆ. ಮುಂದಿನದೆಲ್ಲ ಆ ಮಾತು ಉಳಿಸಿಕೊಳ್ಳೋಕೆ ಕೈಯಲ್ಲಿ ಕಾಸಿಲ್ಲದ ಮಗ ಪಡೋ ಪಾಡು. ಲಿಜೊ ಜೋಸ್ ಪೆಲ್ಲಿಸ್ಸೆರಿಗೆ ಆ ವರ್ಷ ಗೋವಾ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶಕ ಪ್ರಶಸ್ತಿ ಬಂತು.

ಎಲ್ಲರೂ ಹೊಗಳೋದು ಆ ಮಳೆ, ಗಾಳಿ, ಒಡೆದುಹೋಗೋ ಶವಪೆಟ್ಟಿಗೆ. ನನಗೆ ಮಾತ್ರ ಪೆಣ್ಣಮ್ಮನ ಅಳು ತಲೆಯಿಂದ ಹೋಗಿಲ್ಲ. ಪೌಳಿ ವಲ್ಸನ್ ಮಾಡಿರೋ ಪಾತ್ರ. ಗಂಡನ ಹೆಣದ ಪಕ್ಕ ಕೂತು ಹಾಡಿಕೊಂಡು ಅಳ್ತಾಳೆ. ಯಾರು ಒಳಗೆ ಬಂದರೋ ಅವರಿಗೆ ತಕ್ಕ ಹಾಗೆ ಹಾಡಿನ ಮಾತು ಬದಲಾಗ್ತಾ ಹೋಗುತ್ತೆ. ನಮ್ಮೂರಲ್ಲಿ ಹಿರೀ ಹೆಂಗಸರು ಹೀಗೇ ಅಳೋದು. ಬೆಂಗಳೂರಿನ ಗೆಳೆಯನೊಬ್ಬ ಚಿಕ್ಕಪ್ಪನ ಮಣ್ಣಿಗೆ ಬಂದಿದ್ದಾಗ ಇದನ್ನ ನೋಡಿ ‘ಸ್ವಲ್ಪ ಡ್ರಾಮಾ ಅನ್ಸಲ್ವಾ?’ ಅಂದಿದ್ದ. ಹೌದು, ಡ್ರಾಮಾನೇ. ಆದ್ರೆ ಸುಮ್ಮನೆ ಆಡೋ ಡ್ರಾಮಾ ಅಲ್ಲ. ‘ಮಗಳ ಮದುವೆಗೆ ನನ್ನ ಮಗ ರಾತ್ರೋರಾತ್ರಿ ದುಡ್ಡು ತಂದುಕೊಟ್ಟನಲ್ಲೋ, ನೀನು ಈಗ ಬಂದ್ಯಲ್ಲೋ’ ಅಂತ ರಾಗ ಎಳೆದು ಅಳುವಾಗ, ಅಂಗಳದಲ್ಲಿ ನಿಂತ ಐವತ್ತು ಜನದ ಮುಂದೆ ಒಂದು ಬಾಕಿ ಓದಿ ಹೇಳಿದ ಹಾಗೆ. ಬಾಯಿಮಾತಲ್ಲಿ ನಡೆದ ಬದುಕಿಗೆ ಬಾಯಿಮಾತಿನದ್ದೇ ದಸ್ತಾವೇಜು. ಯಾವ ಮಗನೂ, ಮೈದುನನೂ ಗಟ್ಟಿಯಾಗಿ ಕೇಳೋಕಾಗದ್ದನ್ನ ಅಳುವವಳು ಕೇಳಬಹುದು, ಯಾರೂ ಅವಳ ಬಾಯಿ ಮುಚ್ಚಿಸೋ ಹಾಗಿಲ್ಲ. ಅಪಾರ್ಟ್‌ಮೆಂಟಿನ ಸಾವಿನಲ್ಲಿ ಹೀಗೆ ಅತ್ತರೆ ಪಕ್ಕದ ಫ್ಲಾಟಿನವರು ಸೆಕ್ಯುರಿಟಿಗೆ ಇಂಟರ್‌ಕಾಮ್ ಮಾಡ್ತಾರೇನೋ. ಅಲ್ಲಿ ನಾವೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕ್ತೀವಿ, ನೂರಾ ಹನ್ನೆರಡು ಜನ ಒಂದೇ ಚಿತ್ರ. ಯಾರ ಬಾಕಿ ಏನು ಅನ್ನೋದು ಅದರಿಂದ ತಿಳಿಯಲ್ಲ.

ಸಿನಿಮಾದಲ್ಲಿ ಇನ್ನೊಂದು ಸಂಸಾರವೂ ಬಂದು ಬಾಗಿಲಲ್ಲಿ ನಿಲ್ಲುತ್ತೆ, ಸತ್ತವನಿಗೆ ಇನ್ನೊಬ್ಬಳಿದ್ದಳು. ಅಲ್ಲಿಗೆ ಪೆಣ್ಣಮ್ಮನ ಹಾಡು ಬೈಗುಳ ಆಗುತ್ತೆ. ಜೊತೆಗೆ ಗಾಳಿಸುದ್ದಿ, ಇದು ಸಹಜ ಸಾವಲ್ಲವಂತೆ ಅಂತ. ಹಠಾತ್ ಸಾವಿಗೆ ಗಾಳಿಸುದ್ದಿ ನೆರಳಿನ ಥರ. ಕಾರಣ ಸಿಗದಿದ್ದರೆ ಜನ ಕಾರಣ ಹುಟ್ಟಿಸ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಇಡೀ ರಾಜ್ಯ ಜಿಮ್ಮಿನ ಬಗ್ಗೆ ಮಾತಾಡಿತ್ತು, ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಕ್ಯೂ ನಿಂತಿತ್ತು. ಅದು ಪ್ರೀತಿಯಿಂದ ಹುಟ್ಟಿದ ದಿಗಿಲು. ಸಾಮಾನ್ಯರ ಮನೆಯಲ್ಲಿ ಆ ದಿಗಿಲು ಬೇಗ ಹೆಂಡತಿ ಕಡೆಗೋ, ತಮ್ಮನ ಕಡೆಗೋ ಬೆರಳು ತೋರಿಸುತ್ತೆ. ಚಿಕ್ಕಪ್ಪ ಹೋದಾಗಲೂ ‘ಹಿಂದಿನ ದಿನ ಮನೇಲಿ ಏನೋ ಮಾತಾಗಿತ್ತಂತೆ’ ಅಂತ ಬಾವಿಕಟ್ಟೆ ಹತ್ತಿರ ಶುರುವಾಗಿತ್ತು. ಯಾವ ಮನೇಲಿ ಹಿಂದಿನ ದಿನ ಏನೋ ಮಾತಾಗಿರಲ್ಲ ಹೇಳಿ? ‘ಈ.ಮ.ಯೌ’ ಇದನ್ನ ಹಿಡಿದ ರೀತಿ ಅದ್ಭುತ. ಆದ್ರೆ ಕೊನೆಗೆ ಎಲ್ಲ ಭಾರವನ್ನೂ ಪಾದ್ರಿಯ ತಲೆ ಮೇಲೆ ಹಾಕಿ ಅವನನ್ನ ವಿಲನ್ ಮಾಡೋದು ನನಗೆ ಸ್ವಲ್ಪ ಸುಲಭದ ದಾರಿ ಅನ್ನಿಸ್ತು. ಗಾಳಿಸುದ್ದಿ ಹಬ್ಬಿಸಿದ ನೆರೆಹೊರೆಯವರು ಹಾಗೇ ತಪ್ಪಿಸಿಕೊಂಡು ಹೋಗ್ತಾರೆ. ಚರ್ಚಿನ ಮಣ್ಣು ಸಿಗದೆ ಈಶಿ ತನ್ನ ಅಂಗಳವನ್ನೇ ಅಗೆಯೋಕೆ ನಿಂತಾಗ ಅವನ ಜೊತೆ ಉಳಿಯೋದು ವಾರ್ಡ್ ಮೆಂಬರ್ ಅಯ್ಯಪ್ಪನ್ ಥರದ ಒಬ್ಬಿಬ್ಬರು.

ಈಗ ‘ಪಗ್ಲೈಟ್’. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ನಿಮ್ಮಲ್ಲಿ ತುಂಬ ಜನ ನೋಡಿರ್ತೀರ. ಮದುವೆಯಾಗಿ ಐದೇ ತಿಂಗಳಿಗೆ ಗಂಡ ಹೋಗಿದಾನೆ, ಸಂಧ್ಯಾಗೆ ಅಳು ಬರ್ತಿಲ್ಲ. ಹಸಿವಾಗ್ತಿದೆ, ಪೆಪ್ಸಿ ಬೇಕು, ಚಿಪ್ಸ್ ಬೇಕು. ಸಾನ್ಯಾ ಮಲ್ಹೋತ್ರಾ ಈ ಭಾಗವನ್ನ ಎಷ್ಟು ಚೆನ್ನಾಗಿ ಮಾಡಿದಾರೆ ಅಂದ್ರೆ, ನೋಡ್ತಾ ನಮಗೇ ಹಸಿವಾಗುತ್ತೆ. ಮನೆ ತುಂಬ ನೆಂಟರು. ಗೆಳತಿ ನಾಜಿಯಾ ಬಂದರೆ ಅವಳಿಗೆ ಬೇರೆ ಲೋಟ. ಇಡೀ ಮನೆಯಲ್ಲಿ ಸಂಧ್ಯಾಳನ್ನ ಸತ್ತವನ ಹೆಂಡತಿ ಅಂತ ನೋಡದೆ ಸಂಧ್ಯಾ ಅಂತ ನೋಡೋದು ಆ ಬೇರೆ ಲೋಟದವಳು ಒಬ್ಬಳೇ. ಆಮೇಲೆ ಗಂಡನ ಹಳೇ ಪ್ರೇಮದ ಫೋಟೋ ಸಿಗುತ್ತೆ. ಆಕಾಂಕ್ಷಾ. ಅವಳೂ ದುಃಖದಲ್ಲಿದಾಳೆ, ಅವಳ ದುಃಖಕ್ಕೂ ಎಲ್ಲೂ ಹೆಸರಿಲ್ಲ.

ನಂತರ ಬರುತ್ತೆ ಐವತ್ತು ಲಕ್ಷದ ಇನ್ಶೂರೆನ್ಸ್. ನಾಮಿನಿ ಸಂಧ್ಯಾ ಒಬ್ಬಳೇ. ಅಲ್ಲಿವರೆಗೆ ಸೊಸೆಯನ್ನ ತವರಿಗೆ ಕಳಿಸೋದು ಹೇಗೆ ಅಂತ ಯೋಚಿಸ್ತಿದ್ದವರು ಇದ್ದಕ್ಕಿದ್ದಂತೆ ಅವಳನ್ನ ಮನೆಯಲ್ಲೇ ಉಳಿಸಿಕೊಳ್ಳೋದು ಹೇಗೆ ಅಂತ ಯೋಚಿಸೋಕೆ ಶುರು ಮಾಡ್ತಾರೆ. ಮನೆಯೊಳಗಿನ ಹುಡುಗನ ಜೊತೆಗೇ ಮದುವೆ ಮಾಡಿಬಿಡೋ ಮಾತೂ ಬರುತ್ತೆ. ಚಂದ್ರಿಯ ಚಿನ್ನ ನೋಡಿ ಅಗ್ರಹಾರಕ್ಕೆ ಆದದ್ದೇ ಲಕ್ನೋದ ಈ ಮನೆಗೂ ಆಗುತ್ತೆ. ಒಂದು ಸಣ್ಣ ಟೆಕ್ನಿಕಲ್ ವಿಷಯ, ಇಂಜಿನಿಯರ್ ಚಟ, ಕ್ಷಮಿಸಿ. ನಾಮಿನಿ ಅಂದ್ರೆ ಮಾಲೀಕ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು, ವಿಮೆಯ ನಾಮಿನಿ ದುಡ್ಡು ಇಸ್ಕೊಳ್ಳೋ ಕೈ ಅಷ್ಟೇ, ದುಡ್ಡು ಸೇರಬೇಕಾದ್ದು ವಾರಸುದಾರರಿಗೆ ಅಂತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ವಿಲ್ ಬರೆಯದೆ, ಮಕ್ಕಳಿಲ್ಲದೆ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ತಾಯಿಗೂ ಸಮಪಾಲು. 2015ರಲ್ಲಿ ವಿಮಾ ಕಾಯ್ದೆ ತಿದ್ದುಪಡಿಯಾಗಿ, ಹೆಂಡತಿ, ಗಂಡ, ಮಕ್ಕಳು, ಅಪ್ಪ ಅಮ್ಮ ನಾಮಿನಿಯಾಗಿದ್ದರೆ ದುಡ್ಡು ಅವರದ್ದೇ ಅಂತಾಯ್ತು. ಹಾಗಾಗಿ ಸಂಧ್ಯಾಳ ಚೆಕ್ ಸಂಧ್ಯಾಳದ್ದೇ. ಆದ್ರೆ ಅದೇ ಹುಡುಗನ ಹೆಸರಲ್ಲಿ ಒಂದು ಸೈಟ್ ಇದ್ದಿದ್ದರೆ ಅರ್ಧ ಅತ್ತೆಯದು. ಪಿಎಫ್ ಇನ್ನೊಂದು ಥರ, ಮದುವೆಗೆ ಮುಂಚೆ ಬರೆದ ನಾಮಿನೇಷನ್ ಮದುವೆಯಾದ ಕೂಡಲೇ ರದ್ದು, ಹೊಸದಾಗಿ ಬರೀಬೇಕು. ನನ್ನ ಪಕ್ಕದ ಸೀಟಿನವನು ಮದುವೆಯಾಗಿ ಆರು ವರ್ಷ ಆದ ಮೇಲೂ ಬರೆದಿರಲಿಲ್ಲ. ಒಂದೇ ಸಾವು, ಮೂರು ಕಾಗದ, ಮೂರು ಥರದ ಹಕ್ಕು. ಅತ್ತೆ ಸೊಸೆ ಜಗಳ ಅಂತ ನಾವು ಸೀರಿಯಲ್ ಭಾಷೆಯಲ್ಲಿ ಕರೆಯೋದರಲ್ಲಿ ಎಷ್ಟೋ ಪಾಲು ಈ ಕಾಗದಗಳಲ್ಲೇ ಹುಟ್ಟಿದ್ದು.

‘ಪಗ್ಲೈಟ್’ ಇಲ್ಲಿವರೆಗೂ ಸರಿಯಾಗಿ ಬಂದು, ಆಮೇಲೆ ನಮ್ಮಂಥ ಪ್ರೇಕ್ಷಕರನ್ನ ಖುಷಿಪಡಿಸೋಕೆ ಹೋಗುತ್ತೆ ಅನ್ನೋದು ನನ್ನ ತಕರಾರು. ಸಂಧ್ಯಾ ತನ್ನನ್ನ ತಾನು ಕಂಡುಕೊಳ್ತಾಳೆ, ಮನೆ ಬಿಟ್ಟು ಹೊರಡ್ತಾಳೆ. ಹೊರಡಲಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಅವಳು ಹೊರಡೋದು ಚೆಂದ ಕಾಣಲಿ ಅಂತ ನೆಂಟರನ್ನೆಲ್ಲ ಕಾರ್ಟೂನ್ ಮಾಡಿದಾರೆ. ಮಾವನ ಪಾತ್ರದಲ್ಲಿ ಆಶುತೋಷ್ ರಾಣಾ ಸುಮ್ಮನೆ ಕೂತಿರೋ ಒಂದೊಂದು ದೃಶ್ಯವೂ ಬೇರೆಯೇ ಸಿನಿಮಾ ಹೇಳ್ತಿತ್ತು. ಮನೆಗೆ ದುಡಿಯೋ ಮಗ ಹೋದಮೇಲೆ, ಸೊಸೆಯ ದುಡ್ಡಿನ ಮೇಲೆ ಕಣ್ಣು ಹಾಕಬೇಕಾಗಿ ಬಂದ ಮರ್ಯಾದಸ್ಥ ಮುದುಕನ ಸಿನಿಮಾ. ಅದು ಇನ್ನೂ ಕಷ್ಟದ್ದು. ಅದರಲ್ಲಿ ಯಾರ ಕಡೆ ಚಪ್ಪಾಳೆ ಹೊಡೀಬೇಕು ಅಂತ ನಮಗೆ ಗೊತ್ತಾಗ್ತಿರಲಿಲ್ಲ.

ಆ ಕಷ್ಟದ ಪುಸ್ತಕವನ್ನ ಭೈರಪ್ಪನವರು 1970ರಲ್ಲೇ ಬರೆದಿದಾರೆ. ‘ಗೃಹಭಂಗ’ ನಮ್ಮ ತಿಪಟೂರು, ಚನ್ನರಾಯಪಟ್ಟಣದ ಕಡೆಯ ಕತೆ, ಹಾಗಾಗಿ ನನ್ನ ಪಕ್ಷಪಾತ ಇರಬಹುದು. ಕಿರಿಯರಿಗೆ ಕಾಸರವಳ್ಳಿಯವರು ಮಾಡಿದ ಧಾರಾವಾಹಿ ನೆನಪಿರಬೇಕು. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯೋಳು ನಂಜಮ್ಮ. ಮುತ್ತುಗದೆಲೆ ಹಚ್ಚಿ ಮನೆ ನಡೆಸೋಳೂ ಅವಳೇ. ಪ್ಲೇಗ್ ಬಂದು ಮದುವೆಯಾದ ಮಗಳು ಪಾರ್ವತಿ, ಹಿರೀ ಮಗ ರಾಮಣ್ಣ ಒಬ್ಬರ ಹಿಂದೊಬ್ಬರು ಹೋಗಿಬಿಡ್ತಾರೆ. ಭೈರಪ್ಪ ಇದಕ್ಕೆ ಮುಂಚೆ ಯಾವ ಸೂಚನೆಯನ್ನೂ ಕೊಡಲ್ಲ, ಆಮೇಲೆ ಗದ್ಯದಲ್ಲಿ ಕಣ್ಣೀರನ್ನೂ ಬೆರೆಸಲ್ಲ. ವರದಿ ಥರ ಬರೆದುಬಿಡ್ತಾರೆ. ಮೊದಲ ಸಲ ಓದಿದಾಗ ನಾನು ಎರಡು ಪುಟ ಹಿಂದಕ್ಕೆ ಹೋಗಿ, ನಿಜವಾಗ್ಲೂ ಸತ್ತರಾ ಅಂತ ಮತ್ತೆ ಓದಿದ್ದೆ.

ದುಃಖ ಗಂಡ ಹೆಂಡಿರನ್ನ ಹತ್ತಿರ ತರುತ್ತೆ ಅನ್ನೋ ಮಾತನ್ನ ಈ ಕಾದಂಬರಿ ನಂಬಲ್ಲ. ಚೆನ್ನಿಗರಾಯ ಚೆನ್ನಿಗರಾಯನಾಗೇ ಉಳೀತಾನೆ, ಅವನಿಗೆ ಹೊಟ್ಟೆಯ ಚಿಂತೆ. ಅತ್ತೆ ಗಂಗಮ್ಮನ ಬಾಯಿ ಗಂಗಮ್ಮನ ಬಾಯಾಗೇ ಉಳಿಯುತ್ತೆ. ಸಾವಿನಿಂದ ಜನ ಬದಲಾಗ್ತಾರೆ ಅಂತ ನಾವು ಎಷ್ಟು ಸಿನಿಮಾ ನೋಡಿದೀವಿ! ಇಲ್ಲಿ ಯಾರೂ ಬದಲಾಗಲ್ಲ, ಇದ್ದದ್ದು ಇನ್ನೂ ಗಟ್ಟಿಯಾಗುತ್ತೆ ಅಷ್ಟೆ. ನಂಜಮ್ಮ ಮತ್ತೆ ಲೆಕ್ಕದ ಪುಸ್ತಕ ತೆಗೀತಾಳೆ, ಉಳಿದಿರೋ ವಿಶ್ವನ ಹೊಟ್ಟೆಗೆ ಆಗಬೇಕಲ್ಲ. ಮುಂದೊಂದು ದಿನ ಪ್ಲೇಗ್ ಅವಳನ್ನೂ ತಗೊಂಡು ಹೋಗುತ್ತೆ. ವಿಶ್ವನಿಗೆ ಅಪ್ಪ ಇದಾನೆ, ಅಜ್ಜಿ ಇದಾಳೆ, ಸೋದರಮಾವ ಇದಾನೆ. ಹಕ್ಕಿನ ಪಟ್ಟಿ ತುಂಬಾ ಇದೆ. ಆ ಹುಡುಗನ ಕೈ ಹಿಡಿದು ಕರೆದುಕೊಂಡು ಹೋಗೋದು ಮಹಾದೇವಯ್ಯನವರು. ಭಿಕ್ಷೆ ಎತ್ತಿ ಬದುಕೋ ಅಯ್ಯನವರು, ರಕ್ತ ಸಂಬಂಧ ಇಲ್ಲ, ಜಾತಿಯೂ ಬೇರೆ. ಭೈರಪ್ಪನವರ ಬಗ್ಗೆ, ಅವರ ನಂತರದ ಕಾದಂಬರಿಗಳ ಬಗ್ಗೆ ನನಗೆ ಬೇಕಾದಷ್ಟು ಜಗಳ ಇದೆ, ಅದು ಇನ್ನೊಂದು ದಿನಕ್ಕೆ. ಮಹಾದೇವಯ್ಯನವರ ಪಾತ್ರದ ಮುಂದೆ ನಾನು ಜಗಳ ತೆಗೆಯಲ್ಲ. ಮಾಡೋ ಕೆಲಸಕ್ಕೆ ಅವರು ಎಲ್ಲೂ ಕಾರಣ ಹೇಳೋಕೆ ಹೋಗಲ್ಲ, ಲೇಖಕರೂ ಅವರ ಬಾಯಿಂದ ಭಾಷಣ ಮಾಡಿಸಲ್ಲ.

ಈ ದೃಷ್ಟಿಯಿಂದ ನೋಡಿದಾಗ ‘ಸಂಸ್ಕಾರ’ದ ಮೇಲೆ ನನ್ನದೊಂದು ದೂರು ಉಳಿಯುತ್ತೆ. ಹೆಣ ಸುಟ್ಟ ಮೇಲೆ ಚಂದ್ರಿ ತನ್ನ ಸೀರೆ ಗಂಟು ಕಟ್ಟಿಕೊಂಡು ಕುಂದಾಪುರದ ದಾರಿ ಹಿಡೀತಾಳೆ. ಕಾದಂಬರಿ ಅವಳ ಹಿಂದೆ ಹೋಗಲ್ಲ. ಅದು ಪ್ರಾಣೇಶಾಚಾರ್ಯರ ಹಿಂದೆ ಹೋಗುತ್ತೆ, ಅವರ ಹೆಂಡತಿ ಭಾಗೀರಥಿಯ ಸಾವು, ಅವರ ಅಲೆದಾಟ, ಪುಟ್ಟನ ಜೊತೆ ಜಾತ್ರೆ, ಅವರ ದ್ವಂದ್ವ. ಹೆಣ ಸುಡೋದೋ ಬೇಡವೋ ಅಂತ ಗ್ರಂಥ ತಿರುವಿದವರಿಗೆ ಅರ್ಧ ಪುಸ್ತಕ ಸಿಕ್ತು, ಸುಟ್ಟವಳಿಗೆ ಒಂದು ರಾತ್ರಿ. ವಿಮರ್ಶಕರೂ ಅರವತ್ತು ವರ್ಷದಿಂದ ಆಚಾರ್ಯರ ಜೊತೆಗೇ ನಡೆದಿದಾರೆ. ಅವರು ಅಗ್ರಹಾರಕ್ಕೆ ವಾಪಸ್ ಹೋದ ಮೇಲೆ ಏನು ಹೇಳಿರಬಹುದು ಅನ್ನೋ ಚರ್ಚೆ ಸೆಮಿನಾರುಗಳಲ್ಲಿ ಇನ್ನೂ ಮುಗಿದಿಲ್ಲ.

ನನಗೆ ಗೊತ್ತಾಗಬೇಕಿರೋದು ಕುಂದಾಪುರದ್ದು. ಹತ್ತು ವರ್ಷ ಒಂದೇ ಮನೆಯಲ್ಲಿ ಇದ್ದವನನ್ನ ಕಳಕೊಂಡು ಬಂದವಳಿಗೆ ಅಲ್ಲಿ ಸೂತಕ ಇತ್ತಾ? ಅವಳಮ್ಮ ಏನಂತ ಸಮಾಧಾನ ಮಾಡಿದಳು, ಏನಾಗಬೇಕಿದ್ದವನು ಸತ್ತ ಅಂತ ಪಕ್ಕದ ಮನೆಯವರಿಗೆ ಹೇಳಿದಳು? ಹನ್ನೊಂದನೇ ದಿನ ಚಂದ್ರಿ ಒಂದು ಎಲೆಯಲ್ಲಿ ನಾರಣಪ್ಪನಿಗೆ ಇಷ್ಟವಾದದ್ದೇನಾದರೂ ಬಡಿಸಿ ಇಟ್ಟಳಾ, ಅಥವಾ ಎಂದಿನಂತೆ ಉಂಡು ಮಲಗಿದಳಾ?